ಅಪ್ಪನ ಅಟ್ಲಾಸ್‌ಗೆ ನಾಲ್ಕೂವರೆ ಸಾವಿರ ಹಾಕಬೇಕಾ, ಹೊಸದೇ ತಗೋಬೇಕಾ?

ಪ್ರಶ್ನೆ: ನಮ್ಮ ಮನೆ ಹಿಂದಿನ ಜಗಲಿಯಲ್ಲಿ ಅಪ್ಪನ ಕಪ್ಪು ಅಟ್ಲಾಸ್ ಸೈಕಲ್ ಇದೆ. 24 ಇಂಚಿನದು, 1984ರಲ್ಲಿ ತಗೊಂಡಿದ್ದಂತೆ. ಅಪ್ಪ ಹೋದಮೇಲೆ 12 ವರ್ಷದಿಂದ ಯಾರೂ ಮುಟ್ಟಿಲ್ಲ. ನನಗೀಗ 43, ಎತ್ತರ 5 ಅಡಿ 9 ಇಂಚು. ಮೈಸೂರಿನ ಕುವೆಂಪುನಗರದಿಂದ ಮೆಟ್ರೋಪೋಲ್ ಸರ್ಕಲ್ ಹತ್ತಿರದ ಆಫೀಸಿಗೆ ಸೈಕಲ್ಲಿನಲ್ಲೇ ಹೋಗೋಣ ಅಂತ ಆಸೆ, ಹೆಚ್ಚುಕಮ್ಮಿ 5 ಕಿಲೋಮೀಟರ್ ಆಗುತ್ತೆ. ಶಾಪಿನವರು ನೋಡಿ 4,500 ರೂಪಾಯಿ ಬಿಲ್ ಬರೆದುಕೊಟ್ಟು, "ಅದಕ್ಕೆ ಇನ್ನೊಂದಿಷ್ಟು ಸೇರಿಸಿದ್ರೆ ಹೊಸದೇ ಬರುತ್ತೆ ಸಾರ್" ಅಂದರು. ಆನ್‌ಲೈನ್‌ನಲ್ಲಿ 9,999ಕ್ಕೆ 21 ಗೇರು, ಡಿಸ್ಕ್ ಬ್ರೇಕು, ಮುಂದೆ ಸಸ್ಪೆನ್ಷನ್ ಇರುವ ಸೈಕಲ್ ಇದೆ. ಎಂಟನೇ ಕ್ಲಾಸಿನ ಮಗ ಅದೇ ಬೇಕು ಅಂತ ಕೂತಿದ್ದಾನೆ. ಏನು ಮಾಡಲಿ? ಬಿಲ್ಲಿನ ಫೋಟೋ ಕಳಿಸಿದ್ದೇನೆ. ಅಟ್ಲಾಸ್ ಕಂಪನಿನೇ ಮುಚ್ಚಿತಂತೆ, ಸ್ಪೇರ್ ಸಿಗುತ್ತಾ?

ಉತ್ತರ: ರಿಪೇರಿ ಮಾಡಿಸಿ. ಆದರೆ 4,500ಕ್ಕೆ ಅಲ್ಲ, ಮತ್ತೆ ಈಗಲೇ ಅಲ್ಲ. ಮೊದಲು ಫ್ರೇಮು ನೆಟ್ಟಗಿದೆಯಾ ಅಂತ ನೀವೇ ಮನೆಯಲ್ಲಿ ನೋಡಬೇಕು, ಅದಕ್ಕೆ ಅರ್ಧ ಗಂಟೆ ಸಾಕು. ಫ್ರೇಮು ಹೋಗಿದ್ದರೆ ಆ ಸೈಕಲ್ಲಿಗೆ ನೂರು ರೂಪಾಯಿ ಹಾಕಿದರೂ ದಂಡ. ಫ್ರೇಮು ಚೆನ್ನಾಗಿದ್ದರೆ ಮೂರು ಸಾವಿರದ ಒಳಗೆ ಅದು ರಸ್ತೆಗೆ ಬರುತ್ತೆ.

ಮೊದಲು ನಿಮ್ಮ ಬಿಲ್ಲನ್ನೇ ನೋಡೋಣ. ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ಎರಡು ಟೈರಿಗೆ 800, ಎರಡು ಟ್ಯೂಬಿಗೆ 300, ಚೈನಿಗೆ 200, ಫ್ರೀವೀಲಿಗೆ (ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲಿನ ಬಿಲ್ಲೆ) 150, ಬ್ರೇಕ್ ಶೂ ನಾಲ್ಕಕ್ಕೆ 80, ಪೇಂಟಿಗೆ 1,200, ಹಿಂದಿನ ರಿಮ್ಮು ಕಡ್ಡಿ ಕೂಲಿ ಎಲ್ಲ ಸೇರಿ 900, ಸೀಟಿಗೆ 350, ಓವರಾಲಿಂಗ್‌ಗೆ 520. ಕೂಡಿದರೆ ಸರಿಯಾಗಿ 4,500. ರೇಟು ಅನ್ಯಾಯದ್ದೇನಲ್ಲ, ಅಂಗಡಿಯಿಂದ ಅಂಗಡಿಗೆ ಐವತ್ತು ನೂರು ಹೆಚ್ಚುಕಮ್ಮಿ ಇರುತ್ತೆ. ತಪ್ಪಿರುವುದು ಈ ಬಿಲ್ಲನ್ನು ನಾವು ಓದುವ ರೀತಿಯಲ್ಲಿ.

ಟೈರು, ಟ್ಯೂಬು, ಚೈನು, ಫ್ರೀವೀಲು, ಬ್ರೇಕ್ ಶೂ, ಇವು ಐದೂ ಸವೆಯುವ ಸಾಮಾನು. ಒಟ್ಟು 1,530. ನೀವು ಹೊಸ ಸೈಕಲ್ ತಗೊಂಡರೂ ಇವನ್ನು ಮುಂದೆ ಒಂದಲ್ಲ ಒಂದು ದಿನ ಹಾಕಿಸಲೇಬೇಕು. ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಿದ ಹಾಗೆ. ಇದನ್ನು ಹಳೆ ಸೈಕಲ್ಲಿನ ತಪ್ಪು ಅಂತ ಲೆಕ್ಕ ಹಾಕಬಾರದು, ಆದರೆ ಎಲ್ಲರೂ ಹಾಗೇ ಹಾಕುತ್ತಾರೆ, ಅದಕ್ಕೇ "ರಿಪೇರಿ ಅಂದ್ರೆ ಖರ್ಚು ಜಾಸ್ತಿ" ಅನ್ನಿಸುವುದು. ಪೇಂಟು 1,200 ಬೇಡವೇ ಬೇಡ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಸೀಟು ಸದ್ಯಕ್ಕೆ ಬಿಡಿ, ಕೆಳಗಿನ ಸ್ಪ್ರಿಂಗ್ ಮುರಿದಿಲ್ಲ ಅಂದರೆ ಹಳೆಯದರಲ್ಲೇ ಒಂದು ತಿಂಗಳು ಓಡಿಸಿ ನೋಡಿ. ಉಳಿದದ್ದು ಓವರಾಲಿಂಗ್ 520, ಹಿಂದಿನ ರಿಮ್ಮು 900. ಹಳೇದಾಗಿದೆ ಅನ್ನುವ ಕಾರಣಕ್ಕೇ ಆಗುವ ಖರ್ಚು ಅಂದರೆ ಈ 1,420 ಮಾತ್ರ. ರಿಮ್ಮು ಉಳಿಯಬಹುದಾದರೆ ಬರೀ 520.

ಇದನ್ನು ಯಾವುದರ ಜೊತೆ ಹೋಲಿಸಬೇಕು ಅನ್ನುವುದೂ ಮುಖ್ಯ. ಶಾಪಿನವರು 9,999ರ ಗೇರ್ ಸೈಕಲ್ ಜೊತೆ ಹೋಲಿಸಿದರು. ಅದು ಬೇರೆ ಜಾತಿಯ ಗಾಡಿ. ನಿಮ್ಮದೇ ಥರದ ಕಪ್ಪು ರೋಡ್‌ಸ್ಟರ್ ಇವತ್ತು ಹೊಸದು ತಗೊಂಡರೆ 6ರಿಂದ 8 ಸಾವಿರದ ಆಸುಪಾಸು. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಅದರ ಬಿಡಿಭಾಗಗಳ ಮೇಲಿನ ಜಿಎಸ್‌ಟಿ 12 ಪರ್ಸೆಂಟಿನಿಂದ 5ಕ್ಕೆ ಇಳಿದಿದೆ, ಅಂಗಡಿಯವರು ಹಳೇ ರೇಟನ್ನೇ ಹೇಳಿದರೆ ಕೇಳಿ. ಒಟ್ಟಿನಲ್ಲಿ ಸುಮಾರು 7,000ದ ಸಾಮಾನಿಗೆ ಸಮನಾದದ್ದು ನಿಮ್ಮ ಜಗಲಿಯಲ್ಲಿ ಬಿದ್ದಿದೆ. ಅದನ್ನು ಎಬ್ಬಿಸೋಕೆ 2,050ರಿಂದ 2,950 ಬೇಕು. ನನ್ನ ಕೇಳಿದರೆ ಇದರಲ್ಲಿ ಯೋಚನೆ ಮಾಡುವಂಥದ್ದೇ ಇಲ್ಲ. ಫ್ರೇಮು ಒಂದು ಸರಿ ಇರಬೇಕು, ಅಷ್ಟೆ.

ಈಗ ಫ್ರೇಮು. ಸೈಕಲ್ಲನ್ನು ತಲೆಕೆಳಗು ಮಾಡಿ, ಸೀಟು ಹ್ಯಾಂಡಲ್ ಮೇಲೆ ನಿಲ್ಲಿಸಿ. ಕೆಳಗೆ ಗೋಣಿಚೀಲ ಹಾಸಿಕೊಳ್ಳಿ, ಬೆಲ್ಲು ಮುರಿಯುತ್ತೆ. ಪೆಡಲ್ ತಿರುಗುವ ಜಾಗದಲ್ಲಿ ದಪ್ಪನೆಯ ಅಡ್ಡ ಕೊಳವೆ ಇರುತ್ತಲ್ಲ, ನಾವು ಅದನ್ನು ಬಾಟಮ್ ಅಂತೀವಿ, ಅಲ್ಲಿಂದ ಶುರು ಮಾಡಿ. ಮಳೆನೀರು ಸೀಟಿನ ಕೊಳವೆಯಿಂದ ಒಳಗೆ ಇಳಿದು ಕೊನೆಗೆ ಬಂದು ನಿಲ್ಲುವುದು ಅಲ್ಲೇ. ಹಳೆ ಸೈಕಲ್ ಸಾಯುವುದು ಹೊರಗಿನ ತುಕ್ಕಿನಿಂದ ಅಲ್ಲ, ಈ ಒಳಗಿನ ತುಕ್ಕಿನಿಂದ. ಸ್ಕ್ರೂಡ್ರೈವರ್ ಹಿಡಿಯಿಂದ ಕೊಳವೆಗಳ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಇದ್ದರೆ ಟಿಣ್ ಟಿಣ್ ಅನ್ನುತ್ತೆ. ಎಲ್ಲಾದರೂ ಸದ್ದು ಮಂದವಾಗಿ ಪಚ್ ಅಂದರೆ, ಸ್ಕ್ರೂಡ್ರೈವರ್ ಮೊನೆಯಿಂದ ಅಲ್ಲಿ ಒತ್ತಿ ನೋಡಿ. ಹಪ್ಪಳದ ಥರ ಚಕ್ಕೆ ಏಳುತ್ತಾ ಇದ್ದರೆ, ಮೊನೆ ಒಳಗೆ ಇಳಿದರೆ, ಮುಗೀತು. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಗೆ ಹೀಗಾಗುವುದು ಬೇಗ. ಮೈಸೂರಿನಲ್ಲಿ, ಅದೂ ಜಗಲಿಯ ಒಳಗೆ ಇದ್ದ ಸೈಕಲ್ಲಿಗೆ ಇಷ್ಟು ಆಗಿರುವುದು ಕಷ್ಟ. ಆದರೂ ನೋಡಿ.

ಆಮೇಲೆ ಕೊಳವೆಗಳು ಒಂದಕ್ಕೊಂದು ಸೇರುವ ಕಡೆ ಇರುವ ಲಗ್ಗುಗಳು. ಈ ಸೈಕಲ್ಲುಗಳಲ್ಲಿ ಕೊಳವೆಯನ್ನು ನೇರವಾಗಿ ವೆಲ್ಡ್ ಮಾಡುವುದಿಲ್ಲ, ಲಗ್ಗಿನ ಒಳಗೆ ತೂರಿಸಿ ಹಿತ್ತಾಳೆ ಕರಗಿಸಿ ಕೂರಿಸಿರುತ್ತಾರೆ. ಅದಕ್ಕೇ ಅಷ್ಟು ವರ್ಷ ಬಾಳುವುದು. ಹ್ಯಾಂಡಲ್ ಕೆಳಗಿನ ಎರಡು ಲಗ್ಗು, ಸೀಟಿನ ಕೆಳಗಿನ ಒಂದು, ಬಾಟಮ್ ಒಂದು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಷ್ಟು ಬಿರುಕು, ಅದರ ಅಂಚಿಗೆ ಕಂದು ಬಣ್ಣದ ಗೆರೆ ಇದ್ದರೆ ಅದು ಕ್ರ್ಯಾಕು. ಲಗ್ಗಿನ ಬಿರುಕನ್ನು ಹಿತ್ತಾಳೆ ವೆಲ್ಡಿಂಗ್ ಗೊತ್ತಿರುವವರು ಮತ್ತೆ ಕೂರಿಸಬಹುದು, ಅಂಥವರು ಈಗ ಕಡಿಮೆ. ಆದರೆ ಮುಂದಿನ ಫೋರ್ಕಿನಲ್ಲಿ ಬಿರುಕು ಕಂಡರೆ ವೆಲ್ಡಿಂಗ್ ಮಾತೇ ಬೇಡ, ಫೋರ್ಕು ಬದಲಾಯಿಸಿ. ಹಿಂದೆ ಏನಾದರೂ ಮುರಿದರೆ ಸೈಕಲ್ ನಿಲ್ಲುತ್ತೆ, ಮುಂದೆ ಮುರಿದರೆ ಮುಖ ರಸ್ತೆಗೆ ಹೋಗುತ್ತೆ.

ಇಲ್ಲೇ ಪೇಂಟಿನ ಮಾತು ಹೇಳಿಬಿಡುತ್ತೇನೆ. ಸುಮಾರು ವರ್ಷಗಳ ಹಿಂದೆ ನಾನೇ ಒಂದು ಸೆಕೆಂಡ್‌ಹ್ಯಾಂಡ್ ಸೈಕಲ್ ತಗೊಂಡೆ. ಮಿರಿಮಿರಿ ಹೊಸ ಕಪ್ಪು ಬಣ್ಣ, ಚಿನ್ನದ ಗೆರೆ ಬೇರೆ ಎಳೆಸಿದ್ದರು. ನಾನು ಆಗಲೇ ಹತ್ತು ವರ್ಷದಿಂದ ರಿಪೇರಿ ಮಾಡುತ್ತಿದ್ದವನು, ಆದರೂ ಬಣ್ಣ ನೋಡಿ ಮರುಳಾದೆ. ಮೂರನೇ ವಾರ ಹಿಂದೆ ಅಕ್ಕಿಮೂಟೆ ಇಟ್ಟುಕೊಂಡು ಬರುವಾಗ ಬಾಟಮ್ ಹತ್ತಿರ ಕಟಕ್ ಅಂತು. ಇಳಿದು ನೋಡಿದರೆ ಬಣ್ಣ ಸಿಪ್ಪೆ ಎದ್ದು, ಕೆಳಗೆ ಬಿಳಿ ಪುಟ್ಟಿ ಕಾಣುತ್ತಿತ್ತು. ಹಳೇ ಬಿರುಕಿಗೆ ಪುಟ್ಟಿ ಮೆತ್ತಿ ಮೇಲೆ ಪೇಂಟ್ ಹೊಡೆಸಿದ್ದರು. ಮೂಟೆಯನ್ನು ತಲೆ ಮೇಲೆ, ಸೈಕಲ್ಲನ್ನು ಕೈಯಲ್ಲಿ ಹಿಡಿದು ಎರಡು ಕಿಲೋಮೀಟರ್ ನಡೆದೆ. ಅವತ್ತಿನಿಂದ ಹೊಸ ಬಣ್ಣ ಬಳಿದ ಹಳೆ ಸೈಕಲ್ ಅಂದರೆ ನನಗೆ ಅನುಮಾನ. ನಿಮ್ಮದು ಬಣ್ಣ ಮಾಸಿದೆ, ಅದು ಒಳ್ಳೆಯದೇ, ಏನಿದೆಯೋ ಎಲ್ಲ ಕಾಣುತ್ತೆ. ತುಕ್ಕಿರುವ ಕಡೆ ನೀರುಪೇಪರಿನಲ್ಲಿ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಕಪ್ಪು ಎನಾಮಲ್ ಸಣ್ಣ ಡಬ್ಬಿ ತಂದು ನೀವೇ ಬಳಿಯಿರಿ. ಇನ್ನೂರು ರೂಪಾಯಿ ಕೆಲಸ. ಮಗನನ್ನೂ ಕೂರಿಸಿಕೊಳ್ಳಿ.

ಕಣ್ಣಿಗೆ ಕಾಣದ ಇನ್ನೊಂದು ದೋಷ ಇದೆ, ಫ್ರೇಮು ಸೊಟ್ಟಗಾಗಿರುವುದು. ಯಾವತ್ತೋ ಬಿದ್ದಿರುತ್ತೆ, ಯಾರೂ ಹೇಳಿರುವುದಿಲ್ಲ. ಇದಕ್ಕೆ ಒಂದು ದಾರ ಸಾಕು. ಹಿಂದಿನ ಚಕ್ರದ ಅಚ್ಚು ಕೂರುವ ಒಂದು ಕಡೆಯ ಕೊಂಡಿಗೆ ದಾರ ಕಟ್ಟಿ, ಮುಂದೆ ಎಳೆದುಕೊಂಡು ಹೋಗಿ ಹ್ಯಾಂಡಲ್ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಕಡೆಯಿಂದ ವಾಪಸ್ ತಂದು ಆ ಕಡೆಯ ಕೊಂಡಿಗೆ ಬಿಗಿಯಾಗಿ ಕಟ್ಟಿ. ಈಗ ಸೀಟಿನ ಕೊಳವೆಯ ಎಡಕ್ಕೂ ಬಲಕ್ಕೂ ದಾರ ಹಾದುಹೋಗುತ್ತೆ. ಎರಡೂ ಕಡೆ ದಾರಕ್ಕೂ ಕೊಳವೆಗೂ ನಡುವೆ ಎಷ್ಟು ಜಾಗ ಇದೆ, ಸ್ಕೇಲಿನಲ್ಲಿ ಅಳೆಯಿರಿ. ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಇದ್ದರೆ ಏನೂ ಅಲ್ಲ. ಒಂದು ಸೆಂಟಿಮೀಟರ್ ಇದ್ದರೆ ಸೈಕಲ್ ಯಾವಾಗಲೂ ಒಂದು ಕಡೆಗೆ ಎಳೆಯುತ್ತೆ, ಎಷ್ಟು ಸಲ ಚಕ್ರದ ಬೆಂಡ್ ತೆಗೆಸಿದರೂ ಸರಿ ಹೋಗುವುದಿಲ್ಲ. ಸ್ಟೀಲ್ ಫ್ರೇಮನ್ನು ಎಳೆದು ನೆಟ್ಟಗೆ ಮಾಡಬಹುದು, ಹಳೇ ಮೇಸ್ತ್ರಿಗಳು ಮರದ ತೊಲೆ ತೂರಿಸಿ ಮಾಡುತ್ತಿದ್ದರು. ಈಗ ಅದಕ್ಕೆ ಕೈ ಹಾಕುವವರು ಸಿಕ್ಕಿದರೆ ನಿಮ್ಮ ಅದೃಷ್ಟ.

ಫ್ರೇಮು ಪಾಸಾಯಿತು ಅಂತ ಇಟ್ಟುಕೊಳ್ಳೋಣ. ಆಮೇಲೂ ಒಂದು ಪ್ರಶ್ನೆ ಇದೆ, ಯಾರೂ ಕೇಳಿಕೊಳ್ಳುವುದಿಲ್ಲ. ಅದು ನಿಮ್ಮ ಕಾಲಿಗೆ ಸರಿ ಇದೆಯಾ? 24 ಇಂಚು ಅನ್ನುವುದು ಚಕ್ರದ ಅಳತೆ ಅಲ್ಲ, ಫ್ರೇಮಿನದು. ಚಕ್ರ 28 ಇಂಚಿನದೇ. 24ರ ಫ್ರೇಮು ಎತ್ತರದವರಿಗೆ, 22ರದ್ದು ಉಳಿದವರಿಗೆ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗೆ ಇಟ್ಟು, ಅದರ ಮೇಲೆ ಹಿಮ್ಮಡಿ ಇಡಿ. ಮೊಣಕಾಲು ನೆಟ್ಟಗಾಗಿ, ಸೊಂಟ ಒಂದು ಕಡೆ ಜಾರದೆ ಹಿಮ್ಮಡಿ ಮುಟ್ಟಬೇಕು. ಸೀಟು ಪೂರ್ತಿ ಇಳಿಸಿದಾಗಲೂ ಮುಟ್ಟದಿದ್ದರೆ ಆ ಸೈಕಲ್ ನಿಮ್ಮದಲ್ಲ, ಎಷ್ಟೇ ಪ್ರೀತಿ ಇದ್ದರೂ. ನೀವು 5 ಅಡಿ 9 ಇಂಚು, ಬಹುಶಃ ಸರಿ ಹೋಗುತ್ತೆ, ಆದರೆ ಸಿಗ್ನಲ್ಲಿನಲ್ಲಿ ಎರಡೂ ಕಾಲು ಊರಿ ಅಡ್ಡದಂಡದ ಮೇಲೆ ನಿಲ್ಲೋಕೆ ಆಗಲ್ಲ, ಸ್ವಲ್ಪ ಓರೆಯಾಗಿ ಒಂದು ಕಾಲು ಊರುವ ಅಭ್ಯಾಸ ಮಾಡಿಕೊಳ್ಳಬೇಕು. ನಿಮ್ಮಪ್ಪನೂ ಹಾಗೇ ನಿಲ್ಲುತ್ತಿದ್ದರು, ನೆನಪು ಮಾಡಿಕೊಳ್ಳಿ. ಸೀಟು ಇಳಿಸೋಕೆ ಹೋದಾಗ ಕೊಳವೆ ಅಂಟಿಕೊಂಡಿರುತ್ತೆ. ಸುತ್ತಿಗೆ ತಗೋಬೇಡಿ. ಸಂದಿಗೆ ಡೀಸೆಲ್ ಬಿಟ್ಟು ಎರಡು ದಿನ ಹಾಗೇ ಇರಲಿ, ಆಮೇಲೆ ಸೀಟನ್ನು ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ.

ಚಕ್ರಗಳ ವಿಷಯ. ಈ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 32 ಕಡ್ಡಿ, ಹಿಂದೆ 40. ತೂಕ ಹಿಂದೆ ಬೀಳುತ್ತೆ ಅಂತ ಇಂಗ್ಲಿಷಿನವರ ಕಾಲದಿಂದ ಬಂದ ಲೆಕ್ಕ ಇದು. ಶಾಪಿನವರು ಹಿಂದಿನ ರಿಮ್ಮು ಬೇಕೇ ಬೇಕು ಅಂದಿದ್ದಾರೆ. ಟೈರು ಬಿಚ್ಚಿಸಿ, ರಿಮ್ಮಿನ ಒಳಗೆ ಬೆರಳಾಡಿಸಿ ನೋಡದೆ ಒಪ್ಪಬೇಡಿ. ಹೊರಗೆ ಕ್ರೋಮ್ ಹೋಗಿ ಕೆಂಪಾಗಿರುವುದು ನೋಡೋಕೆ ಕೆಟ್ಟದಾಗಿರುತ್ತೆ, ಗಟ್ಟಿತನಕ್ಕೆ ತೊಂದರೆ ಇಲ್ಲ. ಒಳಗೆ ನಿಪ್ಪಲ್ (ಕಡ್ಡಿಯ ತುದಿಗೆ ಹಾಕುವ ನಟ್ಟು) ತೂತುಗಳ ಸುತ್ತ ಬಿರುಕು ಬಿಟ್ಟಿದ್ದರೆ ಅಥವಾ ತುಕ್ಕು ತಿಂದು ತೂತು ಅಗಲವಾಗಿದ್ದರೆ ಆಗ ರಿಮ್ಮು ಬದಲಾಯಿಸಲೇಬೇಕು. ಕಡ್ಡಿಗಳನ್ನು ವೀಣೆ ತಂತಿ ಮೀಟಿದ ಹಾಗೆ ಒಂದೊಂದಾಗಿ ಮೀಟಿ. ಒಂದೇ ಕಡೆಯವು ಹೆಚ್ಚುಕಮ್ಮಿ ಒಂದೇ ಸ್ವರ ಕೊಡಬೇಕು. ನಡುವೆ ಒಂದೆರಡು ಪೆಚ್ಚಾಗಿ ಡಬ್ ಅಂದರೆ ಅವು ಸಡಿಲ, ಬಿಗಿ ಮಾಡಿದರಾಯಿತು. ಚಕ್ರದ ಮೇಲ್ಭಾಗ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಆಡಿದರೆ ಚಕ್ರದ ನಡುವಿನ ಹಬ್ಬಿನೊಳಗೆ ಬಾಲ್ಸು ಹಿಡಿದಿಡುವ ಕೋನು ಸಡಿಲ ಆಗಿದೆ ಅಥವಾ ಸವೆದಿದೆ. ಇದೆಲ್ಲ ಓವರಾಲಿಂಗ್‌ನಲ್ಲೇ ಬರುತ್ತೆ. ಕೋನು, ಬಾಲ್ಸು ಬದಲಾಯಿಸಿದರೂ ಹತ್ತಿಪ್ಪತ್ತು ರೂಪಾಯಿ ಬೆಲೆಯ ಸಾಮಾನು.

ಪೆಡಲ್ ತುಳಿದಾಗ ಒಂದು ಸುತ್ತಿಗೆ ಒಂದು ಸಲ ಟಕ್ ಅಂದರೆ ಅದು ಕಾಟರ್ ಪಿನ್, ಕ್ರ್ಯಾಂಕನ್ನು (ಪೆಡಲ್ ಕೂತಿರುವ ತೋಳು) ಬಾಟಮ್ಮಿನ ಅಚ್ಚಿಗೆ ಹಿಡಿದಿಡುವ ಮೊಳೆ. ಕಾಲಿಗೇ ಗೊತ್ತಾಗುತ್ತೆ, ಮೆಟ್ಟಿಲು ತಪ್ಪಿದ ಹಾಗೆ. ಹೊಸ ಪಿನ್ ಹಾಕಿಸಿ. ಹಾಕುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿ ಪೈಪು ಆನಿಸಿ ಹೊಡೆಯಬೇಕು. ಹಾಗೇ ಗಾಳಿಯಲ್ಲಿ ಸುತ್ತಿಗೆ ಬೀಸಿದರೆ ಏಟು ಪೂರ್ತಿ ಒಳಗಿನ ಬಾಲ್ ಬೇರಿಂಗ್‌ಗೆ ಹೋಗುತ್ತೆ. ಹುಡುಗರು ಹೊಡೆಯುವಾಗ ಪಕ್ಕದಲ್ಲೇ ನಿಂತಿರಿ.

ಚೈನು ಹಾಕಲೇಬೇಕಾ ಅಂತ ನೀವೇ ನೋಡಬಹುದು. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ. ಅಲ್ಲಲ್ಲಿ ಕೊಂಡಿ ಮಡಚದೆ ಸೆಟೆದು ನಿಂತರೆ ಬಿಸಾಕಿ. ಸಲೀಸಾಗಿ ಮಡಚಿದರೆ ಒಂದು ಪಿನ್ನಿನ ಮಧ್ಯದಿಂದ 24 ಪಿನ್ ಆಚೆಗೆ ಅಳೆಯಿರಿ. ಹೊಸ ಚೈನಾದರೆ ಸರಿಯಾಗಿ 12 ಇಂಚು. ಅದಕ್ಕಿಂತ ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಇದ್ದರೆ ಚೈನು ಬದಲಾಯಿಸಿ. ಎಂಟನೇ ಒಂದು ಭಾಗ ಆಗಿದ್ದರೆ ಫ್ರೀವೀಲನ್ನೂ ತಿಂದಿರುತ್ತೆ, ಎರಡೂ ಹಾಕಿಸಿ. ದಯವಿಟ್ಟು ಕೊಬ್ಬರಿ ಎಣ್ಣೆ ಹಾಕಬೇಡಿ, ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೊಂದು ಅಭ್ಯಾಸ. ಡಿಸೆಂಬರ್ ಬೆಳಗ್ಗೆ ಗಟ್ಟಿಯಾಗಿ ಮೇಣದ ಥರ ಕೂರುತ್ತೆ, ಧೂಳು ಹಿಡಿಯುತ್ತೆ. ಹೊಲಿಗೆ ಮಷಿನ್ ಎಣ್ಣೆ ಇದ್ದರೂ ಸಾಕು.

ಇನ್ನು ನೀವು ಕೊನೆಯಲ್ಲಿ ಕೇಳಿದ್ದೀರಲ್ಲ, ಅಟ್ಲಾಸ್ ಕಂಪನಿನೇ ಮುಚ್ಚಿತಂತೆ, ಸ್ಪೇರ್ ಸಿಗುತ್ತಾ ಅಂತ. ಅವರ ಸಾಹಿಬಾಬಾದ್ ಕಾರ್ಖಾನೆಯ ಕೆಲಸ 2020ರ ಜೂನ್ 3ಕ್ಕೆ ನಿಂತಿತು, ವಿಶ್ವ ಸೈಕಲ್ ದಿನದಂದೇ. ಪೇಪರಿನಲ್ಲಿ ಓದಿ ನನಗೂ ಒಂಥರಾ ಆಯಿತು. ಆದರೆ ಸ್ಪೇರ್‌ಗೆ ಏನೂ ತೊಂದರೆ ಇಲ್ಲ. ಸೋನಿಪತ್‌ನಲ್ಲಿ 1951ರಲ್ಲಿ ಶುರುವಾದ ಅಟ್ಲಾಸ್ ಇರಲಿ, ಲುಧಿಯಾನದ ಹೀರೋ, ಏವನ್ ಇರಲಿ, ಮದ್ರಾಸಿನ ಹರ್ಕ್ಯುಲಿಸ್ ಇರಲಿ, ಈ ಕಪ್ಪು ಸೈಕಲ್ ಎಲ್ಲರೂ ಮಾಡಿದ್ದು ಒಂದೇ ಇಂಗ್ಲಿಷ್ ಮಾದರಿ ಇಟ್ಟುಕೊಂಡು. ಒಬ್ಬರ ಚೈನು ಇನ್ನೊಬ್ಬರಿಗೆ ಆಗುತ್ತೆ, ಒಬ್ಬರ ಬ್ರೇಕ್ ಶೂ ಇನ್ನೊಬ್ಬರಿಗೆ ಆಗುತ್ತೆ. ಹೋಬಳಿ ಸಂತೆಯಲ್ಲೂ ಸಿಗುವ ಸಾಮಾನು ಇದು. ಎಡವಟ್ಟಾಗುವುದು ಇಂಗ್ಲೆಂಡಿನಿಂದಲೇ ಬಂದ ಹಳೇ ರ್ಯಾಲಿ (Raleigh) ಕಂಪನಿಯ ಸೈಕಲ್ಲುಗಳಲ್ಲಿ. ಅವುಗಳ ಬಾಟಮ್ ಕಪ್ಪಿಗೆ (ಬಾಲ್ಸು ಕೂರುವ ಬಟ್ಟಲು) ಇಂಚಿಗೆ 26 ಥ್ರೆಡ್, ಬೇರೆಯವಕ್ಕೆ ಸಾಮಾನ್ಯವಾಗಿ 24. ಬಲವಂತವಾಗಿ ತಿರುಗಿಸಿ ಫ್ರೇಮನ್ನೇ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ. ನಿಮಗೆ ಆ ಚಿಂತೆ ಇಲ್ಲ. ಟೈರು ತಗೊಳ್ಳುವಾಗ ಪಕ್ಕದಲ್ಲಿ 28 × 1½ ಅಂತ, ಇಲ್ಲವೇ 40-635 ಅಂತ ಬರೆದಿದೆಯಾ ನೋಡಿ, ಅಷ್ಟೇ.

ಈಗ ಹಳೆ ಸೈಕಲ್ಲಿನ ವಿರುದ್ಧದ ಮಾತು. ಬ್ರೇಕು. ರಾಡ್ ಬ್ರೇಕಿನಲ್ಲಿ ಸರಳು ಮೇಲಕ್ಕೆ ಎಳೆದಾಗ ಶೂ ಬಂದು ರಿಮ್ಮಿನ ಒಳಮೈಗೆ ಒತ್ತುತ್ತೆ. ಒಣ ರಸ್ತೆಯಲ್ಲಿ ಪರವಾಗಿಲ್ಲ. ಮಳೆ ಬಂತು ಅಂದರೆ ಸ್ಟೀಲ್ ರಿಮ್ಮಿನ ಮೇಲೆ ರಬ್ಬರು ಜಾರುತ್ತೆ, ಹಿಡಿದರೂ ಸೈಕಲ್ ತನ್ನ ಪಾಡಿಗೆ ತಾನು ಹೋಗುತ್ತಿರುತ್ತೆ. ಶೂ ಹೊಸದು ಹಾಕಿದರೂ ಇದು ಪೂರ್ತಿ ಹೋಗುವುದಿಲ್ಲ, ಸ್ಟೀಲಿನ ಗುಣವೇ ಅದು. ನೀವು ಮಡಿಕೇರಿಯಲ್ಲೋ ಸಕಲೇಶಪುರದಲ್ಲೋ ಇದ್ದಿದ್ದರೆ ನಾನು ಈ ಉತ್ತರವನ್ನೇ ಉಲ್ಟಾ ಬರೆಯುತ್ತಿದ್ದೆ. ಕುವೆಂಪುನಗರದಿಂದ ಮೆಟ್ರೋಪೋಲ್‌ಗೆ ಸಣ್ಣ ಪುಟ್ಟ ಏರಿಳಿತ, ಅಷ್ಟೇ. ಮಳೆಯಲ್ಲಿ ಇಳಿಜಾರು ಬರುವ ಮೊದಲೇ ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳಿ, ನಿಲ್ಲುವ ಜಾಗವನ್ನು ದೂರದಿಂದಲೇ ನೋಡಿಕೊಳ್ಳಿ. ಜೋರು ಮಳೆ ದಿನ ಬಸ್ಸಿಗೆ ಹೋಗಿ. ಇನ್ನೊಂದು, ಇದು 20 ಕೆಜಿ ಮೇಲಿರುವ ಒಂದೇ ಗೇರಿನ ಗಾಡಿ. ಭಾನುವಾರ ಚಾಮುಂಡಿ ಬೆಟ್ಟ ಹತ್ತುವ ಆಸೆ ಇದ್ದರೆ ಅದನ್ನು ಇದರ ಮೇಲೆ ಇಟ್ಟುಕೊಳ್ಳಬೇಡಿ. ರಾತ್ರಿ ಬರುವುದು ಇದ್ದರೆ ಹಳೇ ಡೈನಮೋ ನಂಬಬೇಡಿ, ನಿಂತ ತಕ್ಷಣ ಆರುತ್ತೆ. ಚಾರ್ಜ್ ಮಾಡುವ ಲೈಟು ಮುಂದೆ ಒಂದು, ಹಿಂದೆ ಕೆಂಪಗಿನದು ಒಂದು ಹಾಕಿ. ಡೈನಮೋ ಬಿಚ್ಚಬೇಡಿ, ಚಂದಕ್ಕೆ ಇರಲಿ.

9,999ರ ಸೈಕಲ್ ಯಾಕೆ ಬೇಡ ಅಂದೆ ಅಂದರೆ, ಆ ದುಡ್ಡಿನಲ್ಲಿ 21 ಗೇರು, ಎರಡು ಡಿಸ್ಕು, ಸಸ್ಪೆನ್ಷನ್ನು ಮೂರನ್ನೂ ಕೊಡಬೇಕಾದರೆ ಮೂರನ್ನೂ ಅಗ್ಗದ್ದೇ ಹಾಕಬೇಕು, ಬೇರೆ ದಾರಿ ಇಲ್ಲ. ಆ ಸಸ್ಪೆನ್ಷನ್ ಅಂದರೆ ಒಳಗೆ ಒಂದು ಸ್ಪ್ರಿಂಗು, ಒಂದು ವರ್ಷ ಆದಮೇಲೆ ಒಂದೋ ಅಲ್ಲಾಡುತ್ತಾ ಇರುತ್ತೆ, ಇಲ್ಲವೇ ಅಲ್ಲಾಡುವುದೇ ಇಲ್ಲ. ತೂಕ ಮಾತ್ರ ನೀವೇ ಹೊತ್ತುಕೊಂಡು ತುಳಿಯಬೇಕು, ಒಟ್ಟು 17, 18 ಕೆಜಿ ಬರುತ್ತೆ. ಗೇರು ಮುಂದೆ 3, ಹಿಂದೆ 7, ಗುಣಿಸಿದರೆ 21, ಆದರೆ ಅದರಲ್ಲಿ ಎಷ್ಟೋ ಒಂದರ ಮೇಲೊಂದು ಬೀಳುತ್ತವೆ. ನಿಮ್ಮ ಐದು ಕಿಲೋಮೀಟರಿಗೆ ನೀವು ಬಳಸುವುದು ಮೂರೋ ನಾಲ್ಕೋ. ಆನ್‌ಲೈನಿನದು ಡಬ್ಬದಲ್ಲಿ ಅರ್ಧಂಬರ್ಧ ಜೋಡಿಸಿ ಬರುತ್ತೆ, ಉಳಿದದ್ದನ್ನು ಮನೆಯಲ್ಲಿ ಜೋಡಿಸಬೇಕು. ಫೋರ್ಕನ್ನು ಹಿಂದುಮುಂದು ಹಾಕಿಕೊಂಡು ಬಂದವರು ನನ್ನ ಹತ್ತಿರ ಒಬ್ಬಿಬ್ಬರಲ್ಲ. "ಹ್ಯಾಂಡಲ್ ಯಾಕೋ ಎಳೀತಿದೆ ಸಾರ್" ಅಂತ ಬರುತ್ತಾರೆ. ನೋಡಿದರೆ ಬ್ರೇಕು ಹಿಂದುಗಡೆ ಇರುತ್ತೆ.

ಒಂದು ವೇಳೆ ಫ್ರೇಮು ಫೇಲಾಗಿ ಹೊಸದೇ ತಗೋಬೇಕಾಗಿ ಬಂದರೆ, ನಿಮಗೆ ಬೇಕಾದದ್ದು ಸಸ್ಪೆನ್ಷನ್ ಇಲ್ಲದ, ಅಲ್ಯುಮಿನಿಯಂ ರಿಮ್ಮಿನ, ಕೇಬಲ್ಲಿನಲ್ಲಿ ರಿಮ್ಮನ್ನು ಎರಡೂ ಕಡೆಯಿಂದ ಹಿಡಿಯುವ ವಿ-ಬ್ರೇಕಿನ ಸಾದಾ ಸೈಕಲ್. ಗೇರಿಲ್ಲದ್ದಾದರೂ ಸರಿ, ಹಿಂದೆ ಮಾತ್ರ ಆರೇಳು ಗೇರು ಇರುವುದಾದರೂ ಸರಿ. ಅಂಗಡಿಗೆ ಹೋಗಿ ಹತ್ತಿ ನೋಡಿ ತಗೊಳ್ಳಿ. ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಈಗ ಎಷ್ಟೋ ಸೈಕಲ್ಲುಗಳಲ್ಲಿ ಬರುವುದೇ ಇಲ್ಲ, ಬೇರೆ ದುಡ್ಡು. ಅದನ್ನೂ ಸೇರಿಸಿ ಲೆಕ್ಕ ಹಾಕಿ.

ಮಗನ ವಿಷಯ ಬೇರೆ ಇಡಿ. ನಿಮ್ಮ ಅಟ್ಲಾಸ್ ಅವನಿಗೆ ಆಗುವುದಿಲ್ಲ, ಅಡ್ಡದಂಡದ ಕೆಳಗೆ ಕಾಲು ತೂರಿಸಿ ಒಳಪೆಡ್ಲು ತುಳಿಯುವ ಕಾಲ ಹೋಯಿತು, ಈಗಿನ ಹುಡುಗರಿಗೆ ಅದು ಗೊತ್ತೂ ಇಲ್ಲ. ಅವನಿಗೆ ಗೇರ್ ಸೈಕಲ್ ಬೇಕು ಅಂದರೆ ಕೊಡಿಸಿ, ತಪ್ಪೇನಿಲ್ಲ, ಗೆಳೆಯರ ಹತ್ತಿರ ಇರುತ್ತೆ, ಅವನಿಗೂ ಬೇಕು ಅನ್ನಿಸುತ್ತೆ. ಹೊಸದೇ ಆಗಬೇಕಂತಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಗಾಡಿಗೆ ಹಾರಿದ ಹುಡುಗರ ಸೈಕಲ್ಲುಗಳು ಅಪಾರ್ಟ್‌ಮೆಂಟ್ ಬೇಸ್‌ಮೆಂಟುಗಳಲ್ಲಿ ಧೂಳು ತಿನ್ನುತ್ತಿರುತ್ತವೆ, ಅರ್ಧಕ್ಕಿಂತ ಕಡಿಮೆಗೆ ಸಿಗುತ್ತೆ. ತಗೊಳ್ಳುವಾಗ ಹಿಂದಿನ ಗೇರು ನೇತಾಡುವ ಕೊಂಡಿ ಒಳಕ್ಕೆ ಬಾಗಿದೆಯಾ ನೋಡಿ, ಬಿದ್ದ ಸೈಕಲ್ಲಿನಲ್ಲಿ ಮೊದಲು ಬಾಗುವುದು ಅದೇ. ನಿಮ್ಮ ನೆಂಟರ ಮನೆಯಲ್ಲಿ ಸರ್ಕಾರದ ಸೈಕಲ್ ಏನಾದರೂ ಇದ್ದರೆ ಅದನ್ನೂ ನೋಡಿ. 2006-07ರಲ್ಲಿ 8ನೇ ತರಗತಿ ಮಕ್ಕಳಿಗೆ ಕೊಡೋಕೆ ಶುರು ಮಾಡಿದರಲ್ಲ, ಆ ಸೈಕಲ್ಲುಗಳು ಹಳ್ಳಿಮನೆಗಳ ಕೊಟ್ಟಿಗೆಯಲ್ಲಿ ಇನ್ನೂ ಇವೆ. ಹುಡುಗ ಒಪ್ಪುವುದು ಡೌಟು, ಆದರೆ ಹಾಲು ತರೋಕೆ ಮನೆಯವರಿಗೆ ಆಗುತ್ತೆ. ಟೈರು ತರುವಾಗ ಮಾತ್ರ ಹುಷಾರು. 26 ಇಂಚು ಅಂತಲೇ ಕರೆಯುವ ಎರಡು ಅಳತೆ ಇವೆ, ಸಾದಾ ಸೈಕಲ್ಲಿನ 26 × 1⅜ ಅಂದರೆ 590 ಮಿಲಿಮೀಟರ್, ಗೇರ್ ಸೈಕಲ್ಲಿನ 26 ಅಂದರೆ 559. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕ ಇರುವ ಮೂರಂಕಿಯನ್ನು ಫೋಟೋ ತೆಗೆದುಕೊಂಡು ಹೋಗಿ.

ಶಾಪಿಗೆ ಹೋದಾಗ ಒಟ್ಟು ಕೆಲಸ ಒಪ್ಪಿಸಬೇಡಿ. ಮೊದಲ ದಿನ ಬರೀ ಟೈರು ಟ್ಯೂಬು ಹಾಕಿಸಿ, ಬೆಂಡ್ ನೋಡಿಸಿ, ಬ್ರೇಕ್ ಶೂ ಹಾಕಿಸಿ, ಮೂರು ದಿನ ಬೀದಿಯಲ್ಲೇ ಓಡಿಸಿ. ಎಲ್ಲಿ ಏನು ಸದ್ದು ಬರುತ್ತೆ ಅಂತ ಅಷ್ಟರಲ್ಲಿ ಗೊತ್ತಾಗುತ್ತೆ, ಆಮೇಲೆ ಓವರಾಲಿಂಗ್‌ಗೆ ಬಿಡುವಾಗ ಅದನ್ನೇ ಹೇಳಿ. ಓವರಾಲಿಂಗ್ ಅಂದರೆ ಬಾಟಮ್ಮು, ಎರಡು ಹಬ್ಬು, ಹ್ಯಾಂಡಲ್ ಕಪ್ಪು ನಾಲ್ಕನ್ನೂ ಬಿಚ್ಚಿ, ತೊಳೆದು, ಹೊಸ ಗ್ರೀಸು ಬಾಲ್ಸು ಹಾಕಿ ಜೋಡಿಸುವುದು. ಹೊರಗಿನಿಂದ ಎಣ್ಣೆ ಬಿಟ್ಟು 520 ತಗೊಂಡರೆ ಅದು ಓವರಾಲಿಂಗ್ ಅಲ್ಲ. ಹಳೇ ಬಾಲ್ಸುಗಳನ್ನು ಒಂದು ಪೇಪರಿನಲ್ಲಿ ಕಟ್ಟಿಕೊಡಿ ಅಂತ ಮೊದಲೇ ಹೇಳಿಬಿಡಿ, ಬಿಚ್ಚದೆ ಕೊಡೋಕೆ ಆಗುವುದಿಲ್ಲ. ಹ್ಯಾಂಡಲ್ ಹತ್ತಿರ ಹಳೇ ಲೈಸೆನ್ಸ್ ಬಿಲ್ಲೆ ಏನಾದರೂ ಇದ್ದರೆ ಕೆಲಸಕ್ಕೆ ಬಿಡುವ ಮುಂಚೆ ನೀವೇ ಬಿಚ್ಚಿಟ್ಟುಕೊಳ್ಳಿ, ಗುಜರಿ ಡಬ್ಬಕ್ಕೆ ಹೋದರೆ ಮತ್ತೆ ಸಿಗಲ್ಲ.

ರಿಮ್ಮು ಹೊಸದು ಹಾಕಿಸಿದರೆ ಇನ್ನೊಂದು ಮಾತು. ಹೊಸದಾಗಿ ಕಟ್ಟಿದ ಚಕ್ರದ ಕಡ್ಡಿಗಳು ಮೊದಲ ಎರಡು ಮೂರು ವಾರದಲ್ಲಿ ಕೂತು ಸ್ವಲ್ಪ ಸಡಿಲ ಆಗುತ್ತವೆ, ಆಗ ಇನ್ನೊಮ್ಮೆ ಬೆಂಡ್ ತೆಗೆಸಬೇಕು. ಇಲ್ಲದಿದ್ದರೆ ಒಂದೊಂದೇ ಕಡ್ಡಿ ಮುರಿಯೋಕೆ ಶುರುವಾಗುತ್ತೆ. ಆ ಎರಡನೇ ಬೆಂಡು ಆ 900ರಲ್ಲೇ ಸೇರಿದೆ ಅಂತ ದುಡ್ಡು ಕೊಡುವ ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ.